ದನದ ಜಿಪಿಎಸ್ ಫೈಲಿನಲ್ಲಿ ಸುಳ್ಳು ಸಾಲುಗಳು: ಒಂದೇ ಸಾಲಿನ ಸ್ಕ್ರಿಪ್ಟಿನಲ್ಲಿ ಜರಡಿ ಹಿಡಿಯೋದು ಹೇಗೆ?

ಸಂಜೆ ಆರು ಗಂಟೆಗೆ ದನ ಹಟ್ಟಿಗೆ ಬಂದಾಗ ಒಂದು ಹಸು ಕಮ್ಮಿ ಅಂತಿಟ್ಟುಕೊಳ್ಳಿ. ಕತ್ತಲಾಗೋಕೆ ಮುಂಚೆ ಹುಡುಕಬೇಕು. ಎಲ್ಲಿ ಅಂತ ಹುಡುಕೋದು? ಹೂಗ್ಯಂ, ಮೀಣ್ಯಂ ಕಡೆಯ ರೈತರಿಗೆ ಇದು ಹೊಸ ಪ್ರಶ್ನೆ ಅಲ್ಲ. ಈಗ ಕೆಲವು ಹುಡುಗರು ಹಳೇ ಫೋನನ್ನ ಚೀಲದಲ್ಲಿ ಹಾಕಿ ಮುಂದೆ ಹೋಗುವ ಹಸುವಿನ ಕೊರಳಿಗೆ ಕಟ್ಟಬಹುದು, ಇಲ್ಲ ದನ ಕಾಯೋರ ಜೇಬಲ್ಲೇ ಇಡಬಹುದು. ಜಿಪಿಎಸ್‌ಲಾಗರ್ ಅನ್ನೋ ಉಚಿತ ಆ್ಯಪ್ ನಿಮಿಷಕ್ಕೊಂದು ಸಾಲು ಬರೆದಿಟ್ಟುಕೊಳ್ಳುತ್ತೆ. ಸಂಜೆ ಆ ಫೈಲ್ ತೆರೆದರೆ ದನ ಹೋದ ದಾರಿ ಸಿಗಬೇಕು.

ಸಿಗೋದು ದಾರಿ ಅಲ್ಲ, ಜೇಡರ ಬಲೆ. ಒಂದು ನಿಮಿಷ ಹೊಲದಲ್ಲಿ, ಮುಂದಿನ ನಿಮಿಷ ಎರಡು ಕಿಲೋಮೀಟರ್ ಆಚೆ ಗುಡ್ಡದ ಮೇಲೆ, ಮತ್ತೆ ಹೊಲದಲ್ಲಿ. ಹಸು ಹಾರಲಿಲ್ಲ, ಫೋನ್ ತಪ್ಪು ಬರೆಯಿತು.

ನಮ್ಮ ಭಾಗದಲ್ಲಿ ಈ ತಪ್ಪು ಬರೀ ಕಿರಿಕಿರಿ ಅಲ್ಲ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದು ಕಾರಣ ಅಂತ ತನಿಖೆಯಲ್ಲಿ ಬಂತು. ಆಮೇಲೆ ಕಾಡಿನಲ್ಲಿ ದನ ಮೇಯಿಸೋದರ ಬಗ್ಗೆ ಬಿಗಿ ಜಾಸ್ತಿ ಆಯಿತು. ನಿಮ್ಮ ದನ ಸ್ವಂತ ಹೊಲದ ಬದುವಿನಲ್ಲೇ ಮೇಯುತ್ತಿದ್ದರೂ ಫೈಲಿನ ಹತ್ತು ಸುಳ್ಳು ಸಾಲು ಅದನ್ನ ಕಾಡಿನೊಳಗೆ ತೋರಿಸಿದರೆ ಏನಾಗುತ್ತೆ, ಯೋಚಿಸಿ.

ಮೊದಲು ಫೈಲಿನೊಳಗೆ ಏನಿದೆ ನೋಡೋಣ. ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಕಾಲಂಗಳು, ಅಷ್ಟೇ. ಜಿಪಿಎಸ್‌ಲಾಗರ್‌ನಲ್ಲಿ 1ನೇ ಕಾಲಂ ಸಮಯ, 2 ಅಕ್ಷಾಂಶ, 3 ರೇಖಾಂಶ, 4 ಎತ್ತರ, 5 ನಿಖರತೆ, 7 ವೇಗ. ಸಮಯ ಮೊಟಕು ಮಾಡಿ ಮೊದಲ ಐದು ಕಾಲಂ ಮಾತ್ರ ಬರೆದರೆ ಹೀಗಿರುತ್ತೆ (ಅಂಕಿಗಳು ಉದಾಹರಣೆಗೆ):

04:12,11.9512,77.4530,640,6
04:13,11.9391,77.4702,,1400
04:14,11.9514,77.4533,641,9
04:15,0,0,,

ಸಮಯ ನೋಡಿ ಗಾಬರಿ ಆಗಬೇಡಿ. ಅದು ಗ್ರೀನಿಚ್ ಸಮಯ, ಐದೂವರೆ ಗಂಟೆ ಸೇರಿಸಿದರೆ ನಮ್ಮದು. 04:12 ಅಂದರೆ ಬೆಳಗ್ಗೆ 9:42.

ಕಳ್ಳ ಸಿಗೋದು ಐದನೇ ಕಾಲಂನಲ್ಲಿ. ಅದು ಮೀಟರ್ ಲೆಕ್ಕ. 6 ಅಂದರೆ ನಿಜವಾದ ಜಾಗ ಆ ಚುಕ್ಕಿಯಿಂದ 6 ಮೀಟರ್ ದೂರದೊಳಗೆ ಇರೋ ಸಾಧ್ಯತೆ ನೂರಕ್ಕೆ 68 ಅಂತ ಆಂಡ್ರಾಯ್ಡ್ ಹೇಳುತ್ತಿದೆ. 1400 ಅಂದರೆ ಹಳ್ಳದಲ್ಲೋ ದಟ್ಟ ಮರದಡಿಯಲ್ಲೋ ಉಪಗ್ರಹ ಸಿಗದೆ ಫೋನು ಮೊಬೈಲ್ ಟವರ್ ನೋಡಿ ಅಂದಾಜು ಹೊಡೆದಿದೆ. ಗಡಿ ಹತ್ತಿರದ ಊರುಗಳಲ್ಲಿ ತಮಿಳುನಾಡಿನ ಟವರೂ ಸಿಕ್ಕುತ್ತೆ, ಹಾಗಾಗಿ ಚುಕ್ಕಿ ಆ ಕಡೆ ಜಿಗಿದರೆ ಆಶ್ಚರ್ಯ ಇಲ್ಲ.

ಈಗ ಜರಡಿ. ಫೋನಿಗೆ ಎಫ್-ಡ್ರಾಯ್ಡ್‌ನಿಂದ ಟರ್ಮಕ್ಸ್ ಹಾಕಿಕೊಳ್ಳಿ, ಸ್ಟೋರೇಜ್ ಅನುಮತಿ ಕೊಟ್ಟು ಫೈಲ್ ಇರುವ ಫೋಲ್ಡರಿಗೆ ಹೋಗಿ. ಫೈಲಿನ ಉದ್ದ ಹೆಸರು ತೆಗೆದು ಬರೀ 1 ಅಂತ ಇಡಿ, ಟೈಪ್ ಮಾಡೋಕೆ ಸುಲಭ. ಅದರಲ್ಲಿ ಆಕ್ ಅನ್ನೋ ಹಳೇ ಉಪಕರಣ ಇದೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೂವರು ಬರೆದಿದ್ದು, ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು: ಎ, ಡಬ್ಲ್ಯು, ಕೆ. ಕೆಳಗೆ ‘ಆಕ್’ ಇರೋ ಕಡೆ ಈ ಮೂರನ್ನ ಇಂಗ್ಲಿಷ್ ಸಣ್ಣಕ್ಷರದಲ್ಲಿ, ‘ಎಫ್’ ಇರೋ ಕಡೆ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಉಳಿದದ್ದೆಲ್ಲ ಇದ್ದ ಹಾಗೇ:

ಆಕ್ -ಎಫ್, '$5>0 && $5<=20' 1 > 2

ಓದೋದು ಹೀಗೆ: ಅಲ್ಪವಿರಾಮದಲ್ಲಿ ಕಾಲಂ ಒಡೆ, ಐದನೇ ಕಾಲಂ 0ಕ್ಕಿಂತ ಜಾಸ್ತಿ ಇದ್ದು 20ಕ್ಕೆ ಮೀರದ ಸಾಲನ್ನ ಮಾತ್ರ 1ರಿಂದ ತೆಗೆದು 2ಕ್ಕೆ ಹಾಕು. ‘$5>0’ ಯಾಕೆ ಬೇಕು ಅಂದರೆ, ನಿಖರತೆ ಖಾಲಿ ಇರುವ ಸಾಲನ್ನ ಆಕ್ ಅಂಕಿ ಅಂತ ನೋಡಲ್ಲ, ಅಕ್ಷರದ ಹಾಗೆ ಹೋಲಿಸಿ ಒಳಗೆ ಬಿಟ್ಟುಬಿಡುತ್ತೆ. ನಮ್ಮ ಉದಾಹರಣೆಯ ಕೊನೇ ಸಾಲು ಹಾಗೇ ನುಸುಳುತ್ತಿತ್ತು. ಇನ್ನೊಂದು: ಕೆಲವು ಕೀಬೋರ್ಡು ನೇರ ಉದ್ಧರಣ ಚಿಹ್ನೆಯನ್ನ ಸೊಟ್ಟ ಚಿಹ್ನೆ ಮಾಡಿಬಿಡುತ್ತೆ. ಆಗ ಏನೂ ಓಡಲ್ಲ.

ಎರಡನೇ ಜರಡಿ ಬೇಲಿ. ಹನೂರು ತಾಲ್ಲೂಕು ಪೂರ್ತಿ ಅಕ್ಷಾಂಶ 11.5–12.5, ರೇಖಾಂಶ 77–78ರ ಒಳಗಿದೆ. ಆಚೆ ಬಿದ್ದ ಸಾಲು ಖಂಡಿತ ಸುಳ್ಳು:

ಆಕ್ -ಎಫ್, '$2>11.5 && $2<12.5 && $3>77 && $3<78' 2 > 3

ಮೂರನೆಯದು ಯಾರೂ ಗಮನಿಸದ್ದು, ನನ್ನ ಪ್ರಕಾರ ಜಾಸ್ತಿ ಮೋಸ ಮಾಡೋದು ಇದೇ. ರಾತ್ರಿ ಹಸು ಕೊಟ್ಟಿಗೆಯಲ್ಲಿ ಮಲಗಿದ್ದರೂ ಚುಕ್ಕಿ ಅಲ್ಲಾಡುತ್ತಲೇ ಇರುತ್ತೆ. ನಿಮಿಷಕ್ಕೆ 5 ಮೀಟರ್ ಅಲ್ಲಾಡಿತು ಅನ್ನಿ. 12 ಗಂಟೆಗೆ 720 ಸಾಲು, 3,600 ಮೀಟರ್. ಮಲಗಿದ ಹಸು ಮೂರೂವರೆ ಕಿಲೋಮೀಟರ್ ‘ನಡೆದಿದೆ’! ಮೇವು ಸಾಕಾಗದೆ ದನ ಅಲೆಯುತ್ತಿದೆಯಾ ಅಂತ ನೋಡೋಕೆ ಹೊರಟವರಿಗೆ ಈ ಅಂಕಿ ಪೂರ್ತಿ ದಾರಿ ತಪ್ಪಿಸುತ್ತೆ. ಪರಿಹಾರ: ಕೊಟ್ಟಿಗೆಯ ಸುತ್ತ ಸಣ್ಣ ಚೌಕ ಹಾಕಿ ಅದರೊಳಗಿನ ಸಾಲು ಬಿಡಿ. ಅಕ್ಷಾಂಶ ರೇಖಾಂಶದ ನಾಲ್ಕನೇ ದಶಾಂಶದಲ್ಲಿ 1 ಬದಲಾದರೆ ನೆಲದ ಮೇಲೆ ಹೆಚ್ಚೂಕಮ್ಮಿ 11 ಮೀಟರ್. ಕೊಟ್ಟಿಗೆ 11.9500, 77.4500ರಲ್ಲಿದ್ದರೆ ಆಚೀಚೆ 3 ಅಂಕಿ, ಅಂದರೆ ಸುಮಾರು 33 ಮೀಟರ್:

ಆಕ್ -ಎಫ್, '!($2>11.9497 && $2<11.9503 && $3>77.4497 && $3<77.4503)' 3 > 4

ಮುಂದಿರುವ ಆಶ್ಚರ್ಯ ಚಿಹ್ನೆ ‘ಇದಲ್ಲದ್ದು’ ಅಂತ. ನಿಮ್ಮ ಕೊಟ್ಟಿಗೆಯ ಅಂಕಿಗಳನ್ನ ಹಾಕೋಕೆ ಮರೆಯಬೇಡಿ.

ವೇಗದ ಕಾಲಂ ಮೇಲೂ ಜರಡಿ ಹಾಕೋಣ ಅನ್ನಿಸುತ್ತೆ. ಅದು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರುತ್ತೆ, ನಡೆಯೋ ಹಸು 1ರ ಆಸುಪಾಸು. ಹಾಗಂತ 3ಕ್ಕಿಂತ ಜಾಸ್ತಿ ಇದ್ದದ್ದೆಲ್ಲ ಕಿತ್ತುಹಾಕಬೇಡಿ. ಚಿರತೆಯೋ ಹುಲಿಯೋ ನುಗ್ಗಿದಾಗ ದನ ಕಿತ್ಕೊಂಡು ಓಡೋದು ಅದೇ ವೇಗದಲ್ಲಿ. ನಿಮಗೆ ಬೇಕಾಗಿರೋ ಒಂದೇ ಒಂದು ಸಾಲು ಅದಾಗಿರಬಹುದು. ನಾನಾದರೆ 12ರ ಮೇಲಿದ್ದದ್ದು ಮಾತ್ರ ತೆಗೆಯುತ್ತೇನೆ. ಅದು ಗಂಟೆಗೆ 43 ಕಿಲೋಮೀಟರ್, ಯಾವ ಹಸುವೂ ಆ ವೇಗದಲ್ಲಿ ಒಂದು ನಿಮಿಷ ಓಡಲ್ಲ.

ತೆಗೆದ ಸಾಲುಗಳನ್ನೂ ಎಸೆಯಬೇಡಿ:

ಆಕ್ -ಎಫ್, '!($5>0 && $5<=20)' 1 > 9

2 ಮತ್ತು 9ರ ಸಾಲು ಕೂಡಿದರೆ 1ರ ಸಾಲಿಗೆ ಸಮ ಬರಬೇಕು. ಬರದಿದ್ದರೆ ಎಲ್ಲೋ ಟೈಪ್ ತಪ್ಪಿದೆ. 1ನೇ ಫೈಲ್ ಮಾತ್ರ ಯಾವತ್ತೂ ಮುಟ್ಟಬೇಡಿ. ಮುಂದೆ ಯಾರಾದರೂ ‘ಬೇಡದ್ದನ್ನ ನೀನೇ ಅಳಿಸಿದ್ದೀಯ’ ಅಂದರೆ ತೋರಿಸೋಕೆ ಅದೊಂದೇ ಇರೋದು. ಕಾಡಿನ ಅಂಚಿನ ನಿಜವಾದ ಚುಕ್ಕಿಗಳನ್ನ ಅಳಿಸಿ ಹೊಲದಲ್ಲೇ ಇತ್ತು ಅಂತ ತೋರಿಸೋಕೆ ಈ ಸ್ಕ್ರಿಪ್ಟ್ ಬಳಸಬೇಡಿ. 1 ಮತ್ತು 4 ಪಕ್ಕಪಕ್ಕ ಇಟ್ಟರೆ ಗೊತ್ತಾಗಿಬಿಡುತ್ತೆ. ಹಾಗೇ, 20 ಮೀಟರ್ ನಿಖರತೆಯ ಚುಕ್ಕಿ ಗಡಿಯಿಂದ 10 ಮೀಟರ್ ಒಳಗೋ ಹೊರಗೋ ಅನ್ನೋದನ್ನ ಫೋನೂ ಹೇಳಲಾರದು, ನೀವೂ ವಾದ ಮಾಡಬೇಡಿ.

ತಲೆಬರಹದ ಸಾಲು ಮೊದಲ ಜರಡಿಯಲ್ಲೇ 9ಕ್ಕೆ ಬಿದ್ದಿರುತ್ತೆ. 1ರಿಂದ ಅದನ್ನ ಕಾಪಿ ಮಾಡಿ 4ರ ಮೇಲೆ ಅಂಟಿಸಿ, ಹೆಸರಿನ ಕೊನೆಗೆ ಚುಕ್ಕಿ ಸಿಎಸ್‌ವಿ ಸೇರಿಸಿ, ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿ. ಒಂದು ಪದರಕ್ಕೆ 2,000 ಸಾಲು ಹಿಡಿಯುತ್ತೆ, ಹಗಲಿನ ಮೇವು ಮಾತ್ರ ಆದರೆ ಮೂರು ದಿನದ್ದು ಆರಾಮಾಗಿ ಬರುತ್ತೆ.

ಹಸು ಸತ್ತು ಸಿಕ್ಕಿದರೆ ಕಳೇಬರ ಮುಟ್ಟದೆ, ಎಳೆಯದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಪರಿಹಾರಕ್ಕೆ ಬೇಕಾಗೋದು ಸ್ಥಳದ ಮಹಜರು ಮತ್ತು ಪಶುವೈದ್ಯರ ಮರಣೋತ್ತರ ವರದಿ. ಜಿಪಿಎಸ್ ಫೈಲು ಅದಕ್ಕೆ ಬದಲಿ ಅಲ್ಲ, ಆದರೆ ಜಾಗ ಬೇಗ ಸಿಕ್ಕಿದರೆ ಅವೆರಡೂ ಹೊತ್ತಿಗೆ ಸರಿಯಾಗಿ ಆಗುತ್ತೆ.