ಘಟ್ಟದ ಮೇಲಣ ಸಣ್ಣ ಉದ್ಯೋಗಗಳಿಗೆ ಮಾಡಿನ ಮೇಲಿನ ಸೂರ್ಯಶಕ್ತಿ

ಉತ್ತರ ಕನ್ನಡವು ಕರಾವಳಿಯ ಜಿಲ್ಲೆಯಾದಾಗ್ಯೂ ಅದರ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳು ಘಟ್ಟದ ಮೇಲಿರುತ್ತವೆ. ಇಲ್ಲಿನ ಮುಖ್ಯ ಬೆಳೆಯು ಅಡಿಕೆ. ಈ ಬೆಳೆಯನ್ನೂ ಸುತ್ತಣ ಹಲಸು ಮುರುಗಲುಗಳನ್ನೂ ಅವಲಂಬಿಸಿ ಅನೇಕ ಸಣ್ಣ ಉದ್ಯೋಗಗಳು ನಡೆಯುತ್ತವೆ. ಯಂತ್ರವನ್ನಿಟ್ಟು ಬಾಡಿಗೆಗೆ ಅಡಿಕೆ ಸುಲಿದುಕೊಡುವವರು, ಹಾಳೆತಟ್ಟೆ ಒತ್ತುವವರು, ಹಪ್ಪಳ ಮಾಡುವ ಸ್ತ್ರೀಯರ ಸಂಘಗಳು, ಹಾಲಿನ ಡೇರಿಗಳು, ಹೊಲಿಗೆಯ ಅಂಗಡಿಗಳು ಇವೇ ಮೊದಲಾದುವು. ಇವರೆಲ್ಲರಿಗೂ ವಿದ್ಯುಚ್ಛಕ್ತಿಯು ಬೇಕು. ಕಾಳೀ ನದಿಯ ಕೊಡಸಳ್ಳಿ ಅಣೆಕಟ್ಟು ಯಲ್ಲಾಪುರ ತಾಲ್ಲೂಕಿನಲ್ಲಿಯೇ ಇದ್ದರೂ, ಕಾಡಿನ ನಡುವೆ ಎಳೆದ ತಂತಿಗಳ ಮೇಲೆ ಮರ ಬಿದ್ದ ದಿನ ಹಳ್ಳಿಯವನಿಗೆ ಸೀಮೆಎಣ್ಣೆಯ ಕಾಲದ ಕತ್ತಲೆಯೇ ಗತಿ. ಆದುದರಿಂದ ಮಾಡಿನ ಮೇಲೆ ಸೌರಫಲಕಗಳನ್ನು ಹಾಕಿಸಬೇಕೆಂಬ ಆಸೆಯು ಹಲವರಲ್ಲಿ ಹುಟ್ಟಿರುವುದು ಸಹಜವೇ. ಆದರೆ ಸಾಲ ಮಾಡಿ ಹಾಕಿಸುವ ಮೊದಲು ಕೆಲವು ಸಂಗತಿಗಳನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಎಲ್ಲಕ್ಕಿಂತ ಮೊದಲು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ತನಗೆ ಬೇಕಾದುದು ಬಿಲ್ಲಿನ ಉಳಿತಾಯವೋ, ತಂತಿ ಸತ್ತಾಗ ನಡೆಯುವ ಯಂತ್ರವೋ? ಇವೆರಡೂ ಒಂದೇ ಎಂದು ತಿಳಿಯುವುದು ದೊಡ್ಡ ತಪ್ಪು. ಇಂದು ಹೆಚ್ಚಾಗಿ ಮಾರಾಟವಾಗುವ ಏರ್ಪಾಟು ಸರಕಾರಿ ತಂತಿಗೆ ಜೋಡಿಸಿದಂಥದು. ಇದರಲ್ಲಿ ಬ್ಯಾಟರಿಯಿರುವುದಿಲ್ಲ. ಹಗಲು ಹುಟ್ಟಿದ ಶಕ್ತಿಯಲ್ಲಿ ಮಿಕ್ಕದ್ದು ತಂತಿಗೆ ಹೋಗಿ, ಎರಡೂ ಕಡೆಯ ಲೆಕ್ಕವಿಡುವ ಮೀಟರಿನಲ್ಲಿ ದಾಖಲಾಗುತ್ತದೆ. ಇದಕ್ಕೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಅನುಮತಿಯು ಅವಶ್ಯವು. ಆದರೆ ತಂತಿಯಲ್ಲಿ ಶಕ್ತಿ ನಿಂತೊಡನೆ ಈ ಏರ್ಪಾಟಿನ ಇನ್ವರ್ಟರೂ ತಾನಾಗಿಯೇ ನಿಂತುಬಿಡುತ್ತದೆ. ಹೀಗೇಕೆಂದರೆ, ಮುರಿದ ತಂತಿಯನ್ನು ಸರಿಪಡಿಸಲು ಕಂಬ ಹತ್ತಿದ ಲೈನ್‌ಮನ್ನನ ಕೈಗೆ ಮಾಡಿನ ಮೇಲಿನ ಶಕ್ತಿಯು ಹರಿದರೆ ಅವನ ಪ್ರಾಣಕ್ಕೇ ಅಪಾಯ. ಹೀಗಾಗಿ ನಡುಹಗಲಿನಲ್ಲಿ ಬಿಸಿಲು ಕಾಯುತ್ತಿರುವಾಗಲೂ ಈ ಏರ್ಪಾಟಿನ ಯಜಮಾನನು ನೆರೆಯವನಂತೆಯೇ ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಈ ಮಾತನ್ನು ಕೇಳದೆ ಹೇಳುವ ಮಾರಾಟಗಾರರು ವಿರಳ. ತಂತಿ ಸತ್ತಾಗಲೂ ಕೆಲಸ ನಡೆಯಬೇಕಾದರೆ ಬ್ಯಾಟರಿಯುಳ್ಳ ಏರ್ಪಾಟು ಬೇಕು. ಅದಕ್ಕೆ ವೆಚ್ಚವೂ ಹೆಚ್ಚು, ಆರೈಕೆಯೂ ಹೆಚ್ಚು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಿಲೋವ್ಯಾಟಿನ ಫಲಕಗಳಿಗೆ ಸುಮಾರು ೧೦೦ ಚದರ ಅಡಿ ಮಾಡು ಬೇಕು. ಒಳ್ಳೆಯ ಬಿಸಿಲಿನ ದಿನ ಅದರಿಂದ ಸುಮಾರು ೪ ಯೂನಿಟ್ ದೊರೆಯುತ್ತದೆ. ಒಂದು ಅಶ್ವಶಕ್ತಿಯ ಸುಲಿಯುವ ಯಂತ್ರವು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ೯ ವ್ಯಾಟಿನ ೫ ದೀಪಗಳನ್ನು ೫ ಗಂಟೆ ಉರಿಸಿದರೆ ಕಾಲು ಯೂನಿಟ್ಟೂ ಆಗುವುದಿಲ್ಲ. ದೀಪಕ್ಕೂ ಯಂತ್ರಕ್ಕೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಸಿ ಅಡಿಕೆಯನ್ನು ಕೊಯ್ದ ಮೇಲೆ ಹೆಚ್ಚು ದಿನ ಇಡುವಂತಿಲ್ಲವಾದ್ದರಿಂದ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಮನೆಗಳಿಗೆ ಸಣ್ಣ ಫಲಕ, ಸಣ್ಣ ಬ್ಯಾಟರಿಗಳಿಂದಲೇ ಸಾಕಷ್ಟು ಬೆಳಕು ದೊರೆಯುತ್ತದೆ. ೧೯೯೫ರಲ್ಲಿ ಸ್ಥಾಪಿತವಾದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಬ್ಯಾಂಕ್ ಸಾಲದ ಮೂಲಕ ಮೊದಲು ಹರಡಿದುದು ಇಂಥ ಮನೆದೀಪಗಳನ್ನೇ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ಯಂತ್ರದ ವಿಷಯದಲ್ಲಿ ಮತ್ತೊಂದು ತೊಡಕುಂಟು. ಮೋಟಾರು ಚಾಲೂ ಆಗುವ ಕ್ಷಣದಲ್ಲಿ, ಓಡುವಾಗ ಎಳೆಯುವುದರ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಓಟದ ಲೆಕ್ಕವನ್ನಷ್ಟೇ ನೋಡಿ ಕೊಂಡ ಬ್ಯಾಟರಿ ಇನ್ವರ್ಟರು ಈ ಹೊಡೆತವನ್ನು ತಾಳದೆ ನಿಂತುಹೋಗುತ್ತದೆ. ಕೊಳ್ಳುವ ಮೊದಲು ತನ್ನ ಯಂತ್ರವನ್ನೇ ಜೋಡಿಸಿ ನಡೆಸಿ ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬಾರದು.

ಮಳೆಗಾಲದ ಪ್ರಶ್ನೆಯು ಈ ಸೀಮೆಗೆ ವಿಶೇಷವಾದದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ಫಲಕದ ಹುಟ್ಟುವಳಿಯು ಬಹಳ ಇಳಿಯುತ್ತದೆ. ಜಡಿಮಳೆಯ ದಿನ ಕಿಲೋವ್ಯಾಟಿಗೆ ಒಂದು ಯೂನಿಟ್ಟೂ ಸಿಗದಿರಬಹುದು. ಹಾಲಿನ ಡೇರಿ, ಹೊಲಿಗೆಯ ಅಂಗಡಿ ಮುಂತಾಗಿ ವರ್ಷವಿಡೀ ನಡೆಯುವ ಉದ್ಯೋಗದವರು ಮಾಘಮಾಸದ ಬಿಸಿಲನ್ನು ನೋಡಿ ಆಷಾಢದ ಲೆಕ್ಕವನ್ನು ಹಾಕಬಾರದು. ಅಡಿಕೆಯ ಕೆಲಸದವರಿಗಾದರೋ ಅದೃಷ್ಟವು ಅನುಕೂಲವಾಗಿದೆ. ಸುಗ್ಗಿಯು ನವೆಂಬರಿನಿಂದ ಮಾರ್ಚಿಯವರೆಗೆ ನಡೆಯುವುದರಿಂದ ಯಂತ್ರಕ್ಕೆ ಕೆಲಸವಿರುವಾಗಲೇ ಆಕಾಶವೂ ತಿಳಿಯಾಗಿರುತ್ತದೆ.

ಮಾಡಿನ ಯಾವ ಮಗ್ಗುಲಿಗೆ ಫಲಕ ಹಾಕಬೇಕೆಂಬುದೂ ಇದೇ ಕಾರಣದಿಂದ ನಿರ್ಧಾರವಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ಬಹಳ ವಾಲಿರುತ್ತಾನೆ. ಮಲೆನಾಡಿನ ಕಡಿದಾದ ಹೆಂಚಿನ ಮಾಡಿನ ದಕ್ಷಿಣದ ಮಗ್ಗುಲು ಆಗ ಅವನಿಗೆ ಹೆಚ್ಚುಕಡಿಮೆ ನೇರವಾಗಿ ಎದುರಾಗುತ್ತದೆ. ಉತ್ತರದ ಮಗ್ಗುಲಿಗೆ ಬಿಸಿಲು ಓರೆಯಾಗಿ ತಾಗುವುದರಿಂದ ಫಲಕದ ಅರ್ಧಕ್ಕಿಂತ ಹೆಚ್ಚು ಶಕ್ತಿಯು ನಷ್ಟವಾದೀತು. ಮಟ್ಟಸವಾದ ತಾರಸಿಯಿದ್ದಲ್ಲಿ ದಕ್ಷಿಣಕ್ಕೆ ಸುಮಾರು ೧೫ ಅಂಶ ಇಳಿಜಾರು ಕೊಟ್ಟರೆ ಸಾಕು. ಹಳೆಯ ಪಕಾಸಿಗಳು ಹುಳು ತಿಂದಿದ್ದರೆ ಮೊದಲು ಅವನ್ನು ಬದಲಿಸಬೇಕು. ಒಂದೊಂದು ದೊಡ್ಡ ಫಲಕವು ೨೫ ಕಿಲೋಗ್ರಾಮಿನಷ್ಟು ತೂಗುವುದಲ್ಲದೆ ಗಾಳಿಗೆ ಸಿಕ್ಕಿದ ಮೊರದಂತೆ ಎದ್ದೇಳಲು ನೋಡುತ್ತದೆ.

ನೆರಳು ಫಲಕದ ಶತ್ರು. ಈ ಸೀಮೆಯ ಮನೆಗಳು ತೋಟದ ಅಂಚಿನಲ್ಲಿ, ಗುಡ್ಡಗಳ ನಡುವಣ ತಗ್ಗಿನಲ್ಲಿರುವುದರಿಂದ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ. ಒಂದೇ ಅಡಿಕೆಮರದ ಚಂಡೆಯ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ ಸಾಲಾಗಿ ಜೋಡಿಸಿದ ಉಳಿದವುಗಳ ಕೆಲಸವೂ ಕುಂದಬಹುದು. ಮಾರ್ಗಶಿರದಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ನೆರಳು ಎಲ್ಲಿಂದೆಲ್ಲಿಗೆ ಸರಿಯುತ್ತದೆಂದು ಗುರುತಿಸಿಕೊಳ್ಳುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಶಾಖ ಬೇಕಾದ ಕೆಲಸಗಳನ್ನು ಮಾತ್ರ ಫಲಕಕ್ಕೆ ಒಪ್ಪಿಸಬಾರದು. ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲೊಂದು ಪಾಲನ್ನಷ್ಟೇ ವಿದ್ಯುತ್ತಾಗಿ ಮಾಡುತ್ತದೆ. ಅದರಿಂದ ಪುನಃ ಶಾಖ ಮಾಡಿ ಅಡಿಕೆ ಒಣಗಿಸುವುದು ತುಪ್ಪ ಸುಟ್ಟು ನೀರು ಕಾಯಿಸಿದಂತೆ. ಚಾಲಿಯು ಅಂಗಳದಲ್ಲಿ ಒಣಗಲು ೩೫ರಿಂದ ೪೫ ದಿನ ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಅಕಾಲ ಮಳೆ ಬಿದ್ದರೆ ಬೂಷ್ಟು ಹಿಡಿದು, ಪೇಟೆಯಲ್ಲಿ ಧಾರಣೆಯು ಇಳಿಯುತ್ತದೆ. ಇದಕ್ಕೆ ಪಾರದರ್ಶಕ ಹಾಳೆ ಹೊದೆಸಿದ ಒಣಗುಮನೆಯೇ ತಕ್ಕ ಉಪಾಯ. ಅಡಿಕೆಮರದ ದಬ್ಬೆಗಳಿಂದಲೇ ಅದರ ಚೌಕಟ್ಟನ್ನು ಕಟ್ಟಬಹುದು. ಒಳಗಿನ ತೇವದ ಗಾಳಿ ಹೊರಹೋಗದಿದ್ದರೆ ಹಾಳೆಯಿಂದ ಹನಿಗಳು ತೊಟ್ಟಿಕ್ಕಿ ಅಡಿಕೆಯು ಮೊದಲಿಗಿಂತಲೂ ಕೆಡುತ್ತದೆ. ಇಲ್ಲಿ ಬ್ಯಾಟರಿಯಿಲ್ಲದೆ ಒಂದು ಸಣ್ಣ ಫಲಕಕ್ಕೆ ನೇರವಾಗಿ ಜೋಡಿಸಿದ ಬೀಸಣಿಗೆಯು ಬಹಳ ಉಪಯುಕ್ತ. ಬಿಸಿಲು ಏರಿದಂತೆ ಅದೂ ಜೋರಾಗಿ ತಿರುಗುತ್ತದೆ. ಬೇಸಗೆಯಲ್ಲಿ ಇದೇ ಮನೆಯಲ್ಲಿ ಹಲಸಿನ ಹಪ್ಪಳ, ಮುರುಗಲ ಸಿಪ್ಪೆಗಳನ್ನೂ ಒಣಗಿಸಬಹುದು.

ಸಹಾಯಧನದ ವಿಷಯವಾಗಿ ಒಂದು ಮಾತು. ಫೆಬ್ರವರಿ ೨೦೨೪ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ೩ ಕಿಲೋವ್ಯಾಟಿಗೆ ೭೮,೦೦೦ ರೂಪಾಯಿ ನಿಗದಿಯಾದುದು ವಾಸದ ಮನೆಗಳಿಗೆ ಮಾತ್ರ. ವಾಣಿಜ್ಯ ಮೀಟರುಳ್ಳ ಅಂಗಡಿಯವನು ಆ ಹಣವನ್ನು ನಂಬಿ ಸಾಲದ ಕಾಗದಕ್ಕೆ ರುಜು ಹಾಕಬಾರದು.

ಆರೈಕೆಯು ಕಷ್ಟವಾದುದಲ್ಲ. ಮಳೆ ನಿಂತ ಮೇಲೆ ಫಲಕಗಳ ಮೇಲೆ ಕೆಂಪುಧೂಳೂ ಹಕ್ಕಿಯ ಹಿಕ್ಕೆಯೂ ಕೂಡುತ್ತವೆ. ಹದಿನೈದು ದಿನಗಳಿಗೊಮ್ಮೆ ಮುಂಜಾನೆ, ಗಾಜು ತಣ್ಣಗಿರುವಾಗ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಸೀಸದ ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ಬಾವಿಯ ನೀರು ಕೂಡದು. ಏಪ್ರಿಲ್ ಮೇ ತಿಂಗಳ ಗುಡುಗುಮಳೆಗೆ ಮೊದಲೇ ಭೂಸಂಪರ್ಕದ ಗುಂಡಿಯನ್ನು ನೋಡಿ, ಒಣಗಿದ್ದರೆ ನೀರೆರೆಯಿಸಬೇಕು. ಜಂಬಿಟ್ಟಿಗೆಯ ನೆಲವು ಒಣಗಿದಾಗ ಸಿಡಿಲಿನ ಪ್ರವಾಹವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.