ಒಂದು ಮಣಿಸರದ ಕಥೆ

ಕಾದಂಬರಿಕಾರನಿಗೆ ಮಾತೇ ಸಾಧನ. ಪಾತ್ರವೊಂದರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿಬಿಡಬಲ್ಲನು. ಚಲನಚಿತ್ರಕಾರನಿಗೆ ಅಂತಹ ಅನುಕೂಲ ಕಡಿಮೆ. ಕ್ಯಾಮೆರಾ ಮನಸ್ಸನ್ನು ಕಾಣಲಾರದು. ಮುಖವನ್ನು, ಕೈಯನ್ನು, ಸುತ್ತಲಿನ ವಸ್ತುಗಳನ್ನು ಮಾತ್ರ ಕಾಣಬಲ್ಲುದು. ಹಾಗಾದರೆ ಅವನು ಕಥೆಯನ್ನು ಕಟ್ಟುವುದು ಹೇಗೆ? ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಚಿತ್ರದಲ್ಲಿ ಬರುವ ಒಂದು ಸಾಮಾನ್ಯ ಮಣಿಸರವನ್ನು ಹಿಂಬಾಲಿಸಿ ಹೋದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಬಂಗಾಳಿ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1955ರಲ್ಲಿ ತೆರೆಕಂಡಿತು. ಅದು ರಾಯ್ ಅವರ ಮೊದಲ ಚಿತ್ರ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರೂ ಅದಕ್ಕೆ ಮೊದಲು ಚಲನಚಿತ್ರದ ಕ್ಯಾಮೆರಾವನ್ನು ನಡೆಸಿದವರಲ್ಲ.

ಬಡ ಪುರೋಹಿತ ಹರಿಹರನ ಮಗಳು ದುರ್ಗಾ. ಅವಳಿಗೊಬ್ಬ ತಮ್ಮ, ಅಪು. ನೆರೆಮನೆಯ ಸಿರಿವಂತ ಗೃಹಿಣಿಯೊಬ್ಬಳು ಒಂದು ದಿನ ಅಂಗಳಕ್ಕೆ ನುಗ್ಗಿ, ತನ್ನ ಮನೆಯ ಮಣಿಸರವನ್ನು ದುರ್ಗಾ ಕದ್ದಿದ್ದಾಳೆಂದು ಕೂಗಾಡುತ್ತಾಳೆ. ಹುಡುಗಿಯ ಆಟಿಕೆಯ ಪೆಟ್ಟಿಗೆಯನ್ನು ಜಾಲಾಡಿದರೂ ಸರ ಸಿಕ್ಕುವುದಿಲ್ಲ. ದುರ್ಗಾ ತಾನು ತೆಗೆದುಕೊಂಡಿಲ್ಲವೆನ್ನುತ್ತಾಳೆ. ಅವಮಾನದಿಂದ ಕುದಿಯುವ ತಾಯಿ ಸರ್ವಜಯಾ ಮಗಳ ಕೂದಲನ್ನು ಹಿಡಿದೆಳೆದು ಹೊಡೆದು ಹೊರಗೆ ನೂಕುತ್ತಾಳೆ. ಕದ್ದಳೋ ಇಲ್ಲವೋ? ಚಿತ್ರ ಹೇಳುವುದಿಲ್ಲ. ಕಥೆ ಮುಂದೆ ಸಾಗುತ್ತದೆ. ನೋಡುವವರು ಸರವನ್ನು ಮರೆತೇಬಿಡುತ್ತಾರೆ.

ಈ ಚಿತ್ರದ ಮಾತು ಬಂದಾಗ ಎಲ್ಲರೂ ಹೊಗಳುವುದು ಬಿಳಿಯ ಕಾಶಹೂವಿನ ಬಯಲನ್ನೂ ಅದರಾಚೆ ಹೊಗೆಯುಗುಳುತ್ತ ಬರುವ ರೈಲನ್ನೂ. ಆ ದೃಶ್ಯ ಸುಂದರವಾದುದೇ, ಸಂದೇಹವಿಲ್ಲ. ಆದರೆ ಚಿತ್ರದಲ್ಲಿ ಕಥೆಯೇ ಇಲ್ಲ, ಎಲ್ಲವೂ ನಿಧಾನವೆಂದು ಬೇಸರಪಡುವವರು ಮಣಿಸರವನ್ನು ಗಮನಿಸಿರಲಾರರು.

ಹರಿಹರ ಸಂಪಾದನೆಗಾಗಿ ಊರು ಬಿಟ್ಟು ಹೋಗಿರುವಾಗ ಮಳೆಯಲ್ಲಿ ನೆನೆದ ದುರ್ಗಾ ಜ್ವರದಿಂದ ಮಲಗುತ್ತಾಳೆ. ಬಿರುಗಾಳಿಯ ರಾತ್ರಿಯೊಂದರಲ್ಲಿ ತೀರಿಕೊಳ್ಳುತ್ತಾಳೆ. ಏನೂ ತಿಳಿಯದ ತಂದೆ ಹಿಂದಿರುಗಿ, ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಆಗ ಸರ್ವಜಯಾಳ ಅಳುವಿನ ದನಿ ನಮಗೆ ಕೇಳಿಸುವುದಿಲ್ಲ. ಅವಳ ಬಾಯಿ ತೆರೆಯುತ್ತದೆ. ಕೇಳುವುದು ತಾರಶಹನಾಯಿಯ ಏರುಸ್ವರ. ತಾಯಿಯೊಬ್ಬಳ ಆಕ್ರಂದನವನ್ನೇ ಕೇಳಿಸಿದ್ದರೆ ದುಃಖ ಇಷ್ಟು ಆಳಕ್ಕೆ ಇಳಿಯುತ್ತಿತ್ತೇ ಎಂಬುದು ಯೋಚಿಸತಕ್ಕ ಮಾತು.

ಕೊನೆಗೆ ಕುಟುಂಬ ಕಾಶಿಗೆ ಹೊರಡಲು ನಿಶ್ಚಯಿಸುತ್ತದೆ. ಸಾಮಾನು ಕಟ್ಟುವಾಗ ಅಪುವಿನ ಕೈಗೆ ಮೇಲಿನಿಂದ ಒಂದು ತೆಂಗಿನ ಕರಟ ಸಿಕ್ಕುತ್ತದೆ. ಅದರಲ್ಲೊಂದು ಜೇಡ, ಜೊತೆಗೆ ಆ ಮಣಿಸರ! ಹುಡುಗ ಒಂದು ಕ್ಷಣ ನಿಲ್ಲುತ್ತಾನೆ. ಯಾರನ್ನೂ ಕರೆಯುವುದಿಲ್ಲ. ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಕಾದಂಬರಿಯಲ್ಲಿ ಅವನು ಅಕ್ಕ ಕದ್ದ ವಸ್ತುವನ್ನು ಎಸೆಯುವುದು ಬಿದಿರುಮೆಳೆಗೆ. ರಾಯ್ ಬಿದಿರನ್ನು ಬಿಟ್ಟು ನೀರನ್ನು ಆರಿಸಿಕೊಂಡದ್ದೇಕೆ? ಮೆಳೆಯೊಳಗೆ ಬಿದ್ದ ವಸ್ತು ಸುಮ್ಮನೆ ಮರೆಯಾಗುತ್ತದೆ. ಕೊಳದ ಮೇಲಾದರೋ ಜೊಂಡು ಹಬ್ಬಿದೆ. ಸರ ಬಿದ್ದೆಡೆ ಅದು ಸರಿದು ಕಪ್ಪು ನೀರು ಕಾಣುತ್ತದೆ; ಬಳಿಕ ಜೊಂಡು ಮೆಲ್ಲಮೆಲ್ಲನೆ ಹತ್ತಿರ ಸರಿದು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಮಾತೂ ಇಲ್ಲ. ಅಕ್ಕನ ತಪ್ಪು ತಿಳಿದುದೂ, ಅದನ್ನು ಯಾರಿಗೂ ಹೇಳಬಾರದೆಂದು ತಮ್ಮ ನಿಶ್ಚಯಿಸಿದುದೂ ಆ ನೀರಿನಲ್ಲಿಯೇ ಕಾಣುತ್ತವೆ. ಬಹಳ ಹಿಂದೆ ಅಂಗಳದಲ್ಲಿ ಬಿಟ್ಟುಹೋದ ಪ್ರಶ್ನೆಗೆ ಉತ್ತರ ದೊರೆತದ್ದು, ಅದನ್ನು ಕೇಳಬೇಕಾದವರಾರೂ ಕೇಳದಿರುವಾಗ.

ತಂದೆತಾಯಿಗಳಿಗೆ ಈ ವಿಷಯ ತಿಳಿಯುವುದೇ ಇಲ್ಲ. ಅಪು ಅವರೊಡನೆ ಎತ್ತಿನ ಗಾಡಿಯಲ್ಲಿ ಕುಳಿತು ಊರು ಬಿಡುತ್ತಾನೆ.