ರಾಗಿ ಕಾಳಿನಷ್ಟು ಹಲ್ಲು: ದಖ್ಖನ್ನಿನ ಕೀಟಾಹಾರಿ ಸಸ್ತನಿಗಳ ಪಳೆಯುಳಿಕೆ ಕುರಿತು ಒಂದು ಪಾಠ

ಪಾಠದ ಅಗತ್ಯ

"ಡೈನೋಸಾರ್‌ಗಳು ಅಳಿದ ಮೇಲೆ ಸಸ್ತನಿಗಳು ಹುಟ್ಟಿದವು." ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ನಾನು ಹಲವು ಸಲ ಕೇಳಿದ ವಾಕ್ಯ ಇದು. ವಾಕ್ಯ ತಪ್ಪು. ಡೈನೋಸಾರ್‌ಗಳ ಕಾಲದಲ್ಲೇ ಸಸ್ತನಿಗಳಿದ್ದವು. ಹೆಚ್ಚಿನವು ಗಾತ್ರದಲ್ಲಿ ಚಿಕ್ಕವಾಗಿದ್ದವು. ಆದರೆ ಈ ತಪ್ಪು ವಾಕ್ಯವನ್ನು ಅಳಿಸಿ ಅದರ ಜಾಗದಲ್ಲಿ ಸರಿ ವಾಕ್ಯವನ್ನು ಬರೆಸಿದರೆ ಮಗುವಿನ ಕಲಿಕೆಯಲ್ಲಿ ಏನೂ ಬದಲಾಗುವುದಿಲ್ಲ. ನಿನ್ನೆ ಒಂದನ್ನು ಬಾಯಿಪಾಠ ಮಾಡಿತ್ತು, ಇಂದು ಇನ್ನೊಂದನ್ನು ಮಾಡುತ್ತದೆ. "ಅದು ನಮಗೆ ಹೇಗೆ ಗೊತ್ತಾಯಿತು?" ಎಂಬ ಪ್ರಶ್ನೆಗೆ ತರಗತಿಯಲ್ಲಿ ಜಾಗ ಸಿಕ್ಕಾಗ ಮಾತ್ರ ಅದು ವಿಜ್ಞಾನ ಪಾಠವಾಗುತ್ತದೆ.

ಈ ಉದ್ದೇಶದಿಂದ ನಮ್ಮ ವಿಜ್ಞಾನ ಬೋಧನಾ ವಿಭಾಗದ ಪ್ರಶಿಕ್ಷಣಾರ್ಥಿಗಳೊಂದಿಗೆ ಸೇರಿ ಒಂಬತ್ತನೆಯ ತರಗತಿಗೆ ಎರಡು ಅವಧಿಗಳ ಪಾಠವೊಂದನ್ನು ರೂಪಿಸಿದೆ. ದೂರದ ದೇಶಗಳ ಡೈನೋಸಾರ್ ಚಿತ್ರಗಳನ್ನು ಬಿಟ್ಟು, ನಮ್ಮದೇ ದಖ್ಖನ್ ಪ್ರಸ್ಥಭೂಮಿಯಲ್ಲಿ ಸಿಕ್ಕಿರುವ ಪುಟ್ಟ ಕೀಟಾಹಾರಿ ಸಸ್ತನಿಗಳ ಹಲ್ಲುಗಳನ್ನು ವಿಷಯವಾಗಿ ಆರಿಸಿಕೊಂಡೆವು. ಪಾಠದ ವಿವರ ಹಾಗೂ ತರಗತಿಯಲ್ಲಿ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶಿಕ್ಷಕರಿಗೆ ವಿಷಯ ಹಿನ್ನೆಲೆ

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಅವಧಿಯ ಕೊನೆಯಲ್ಲಿ, ಭಾರತ ಏಷ್ಯಾಕ್ಕೆ ಇನ್ನೂ ಸೇರಿರಲಿಲ್ಲ. ಮಡಗಾಸ್ಕರ್‌ನಿಂದ ಬೇರ್ಪಟ್ಟು ಉತ್ತರಕ್ಕೆ ಸರಿಯುತ್ತಿದ್ದ ಭೂಭಾಗವಾಗಿತ್ತು. ಆಗ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ದಖ್ಖನ್ ಟ್ರ್ಯಾಪ್ ಎಂಬ ಶಿಲಾರಾಶಿ ರೂಪುಗೊಂಡಿತು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಉತ್ತರ ಕರ್ನಾಟಕದ ಎರೆಮಣ್ಣಿನ ಬಹುಭಾಗ ಈ ಲಾವಾ ಕಲ್ಲೇ ಸವೆದು ಆದದ್ದು. ಹತ್ತಿ, ಜೋಳ ಬೆಳೆಯುವ ಊರಿನ ಮಕ್ಕಳಿಗೆ ಪಾಠವನ್ನು ಇಲ್ಲಿಂದಲೇ ತೊಡಗಬಹುದು.

ಲಾವಾ ಒಂದೇ ಸಮನೆ ಹರಿಯಲಿಲ್ಲ. ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ಸುತ್ತ ಗಿಡಮರ ಬೆಳೆದವು, ಪ್ರಾಣಿಗಳು ಬಂದವು. ಕೆರೆಯ ತಳದ ಹೂಳಿನಲ್ಲಿ ಅವುಗಳ ಅವಶೇಷಗಳು ಸೇರಿಕೊಂಡವು. ಮುಂದಿನ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಎರಡು ಲಾವಾ ಪದರಗಳ ನಡುವೆ ಹೀಗೆ ಉಳಿದ ಹೂಳನ್ನು ಅಂತರ-ಟ್ರ್ಯಾಪ್ ಪದರ ಎನ್ನುತ್ತಾರೆ. 19ನೆಯ ಶತಮಾನದಲ್ಲೇ ನಾಗಪುರದ ಸುತ್ತಮುತ್ತಲ ಇಂಥ ಪದರಗಳ ಪಳೆಯುಳಿಕೆಗಳನ್ನು ಅಭ್ಯಾಸ ಮಾಡಿದವರಲ್ಲಿ ಸ್ಟೀಫನ್ ಹಿಸ್ಲಾಪ್ ಪ್ರಮುಖರು. ಅವರು ಅಲ್ಲಿ ಶಾಲೆ ನಡೆಸುತ್ತಿದ್ದ ಮಿಷನರಿ.

ಇಂಥ ಪದರವೊಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ನಸ್ಕಲ್ ಎಂಬಲ್ಲಿದೆ. ಅಲ್ಲಿ ದೊರೆತ ಹಲ್ಲುಗಳ ಆಧಾರದ ಮೇಲೆ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರು 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿಯನ್ನು ವರ್ಣಿಸಿದರು. ಅದಕ್ಕಿಟ್ಟ ಹೆಸರು ಡೆಕ್ಕನೋಲೆಸ್ಟಿಸ್ ಹಿಸ್ಲಾಪೈ. ಮುಂದೆ ಇದೇ ಕುಲದ ಇನ್ನೆರಡು ಪ್ರಭೇದಗಳನ್ನು ಗುರುತಿಸಲಾಯಿತು: ತುಸು ದೊಡ್ಡದಾದ ಡೆಕ್ಕನೋಲೆಸ್ಟಿಸ್ ರೊಬಸ್ಟಸ್, ಮತ್ತು ಮಧ್ಯಪ್ರದೇಶದ ಕಿಸಲ್ಪುರಿಯಲ್ಲಿ ಸಿಕ್ಕ ಡೆಕ್ಕನೋಲೆಸ್ಟಿಸ್ ನರ್ಮದೆನ್ಸಿಸ್. ಇವುಗಳ ಒಂದು ದವಡೆಹಲ್ಲಿನ ಉದ್ದ ಒಂದೆರಡು ಮಿಲಿಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ರಾಗಿ ಕಾಳಿನಷ್ಟು.

ಈ ಪ್ರದೇಶದಲ್ಲಿ ಇದಕ್ಕಿಂತ ಹಳೆಯ ಸಸ್ತನಿಗಳೂ ಸಿಕ್ಕಿವೆ. ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಿಂದ ಕೋಟಾಥೀರಿಯಂ ಹಾಲ್ಡೇನಿ ಎಂಬ ಜುರಾಸಿಕ್ ಸಸ್ತನಿಯನ್ನು 1981ರಲ್ಲಿ ವರ್ಣಿಸಲಾಯಿತು. ಅದೇ ಶಿಲಾಸ್ತರದಲ್ಲಿ ಬರಪಾಸಾರಸ್‌ನಂಥ ದೈತ್ಯ ಡೈನೋಸಾರ್‌ನ ಮೂಳೆಗಳೂ ಇವೆ. ಆರಂಭದ ತಪ್ಪು ವಾಕ್ಯಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹಲ್ಲೇ ಏಕೆ ಉಳಿಯುತ್ತದೆ? ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಹಲ್ಲಿನ ಎನಾಮಲ್. ಅದರ ತೂಕದ ಶೇ. 95ಕ್ಕೂ ಹೆಚ್ಚು ಭಾಗ ಖನಿಜ. ಇಲಿಯಷ್ಟೇ ಗಾತ್ರದ ಪ್ರಾಣಿಯ ತೆಳು ಮೂಳೆಗಳು ಬೇಗ ಚೂರಾಗುತ್ತವೆ, ಹಲ್ಲು ಬಾಳುತ್ತದೆ.

ಹಲ್ಲು ನೋಡಿ ಆಹಾರ ಹೇಳುವುದು ಹೇಗೆ? ಡೆಕ್ಕನೋಲೆಸ್ಟಿಸ್‌ನ ಮೇಲಿನ ದವಡೆಹಲ್ಲಿನಲ್ಲಿ ಮೂರು ಚೂಪು ಮೊನೆಗಳು ತ್ರಿಕೋನಾಕಾರದಲ್ಲಿ ಇವೆ. ಕೆಳಗಿನ ಹಲ್ಲಿನ ಮುಂಭಾಗದಲ್ಲಿ ಎತ್ತರದ ಮೊನೆಗಳಿದ್ದರೆ ಹಿಂಭಾಗದಲ್ಲಿ ಒಂದು ಪುಟ್ಟ ಬಟ್ಟಲಿದೆ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲಿನ ಒಳಮೊನೆ ಆ ಬಟ್ಟಲಿಗೆ ಸರಿಯಾಗಿ ಬೀಳುತ್ತದೆ, ಒರಳಿಗೆ ಒನಕೆ ಬಿದ್ದ ಹಾಗೆ. ಮುಂಭಾಗ ಕತ್ತರಿಸುತ್ತದೆ, ಹಿಂಭಾಗ ಜಜ್ಜುತ್ತದೆ. ಕೀಟಗಳ ಗಟ್ಟಿ ಹೊರಕವಚವನ್ನು ಚುಚ್ಚಿ ಒಡೆಯಲು ತಕ್ಕ ಸಲಕರಣೆ ಇದು.

ಹೋಲಿಕೆಗೆ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಹಲ್ಲನ್ನು ಬಳಸಿಕೊಂಡೆವು. ಅಲ್ಲಿನ ಅಂತರ-ಟ್ರ್ಯಾಪ್ ಪದರದಲ್ಲಿ, ಹಾಗೆಯೇ ನಸ್ಕಲ್ ಮತ್ತು ಕಿಸಲ್ಪುರಿಯಲ್ಲಿ, ಭರತಥೀರಿಯಂ ಎಂಬ ಬೇರೊಂದು ಸಸ್ತನಿಯ ಹಲ್ಲುಗಳು ಸಿಕ್ಕಿವೆ. ಅದರ ದವಡೆಹಲ್ಲು ಎತ್ತರ, ಅರೆಯುವ ಮೇಲ್ಮೈ ಉಳ್ಳದ್ದು. ಡೆಕ್ಕನೋಲೆಸ್ಟಿಸ್‌ನದು ಒರಳು-ಒನಕೆಯಾದರೆ ಇದರದು ಬೀಸುಕಲ್ಲು. ಗಡಸು ಸಸ್ಯಾಹಾರಕ್ಕೆ ಹೊಂದುವಂಥದ್ದು. 2007ರಲ್ಲಿ ಎರಡು ತಂಡಗಳು ಇದಕ್ಕೆ ಬೇರೆ ಬೇರೆಯಾಗಿ ಭರತಥೀರಿಯಂ ಮತ್ತು ದಕ್ಷಿಣ ಎಂದು ಹೆಸರಿಟ್ಟವು. ಎರಡೂ ಒಂದೇ ಪ್ರಾಣಿ ಎಂದು ಕಂಡುಬಂದ ಮೇಲೆ ಮೊದಲನೆಯ ಹೆಸರು ಉಳಿಯಿತು.

ಒಂದು ಎಚ್ಚರಿಕೆ. ಕೀಟಾಹಾರಿ ಎಂಬುದು ಆಹಾರಕ್ರಮದ ಹೆಸರು, ವಂಶದ ಹೆಸರಲ್ಲ. ಹಿಂದಿನ ಪುಸ್ತಕಗಳಲ್ಲಿದ್ದ ಇನ್ಸೆಕ್ಟಿವೋರ ಎಂಬ ಗಣವನ್ನು ಈಗ ಒಡೆದು ಬೇರೆ ಬೇರೆ ಗಣಗಳಿಗೆ ಹಂಚಲಾಗಿದೆ. ಮನೆಯಂಗಳದ ಸೊಂಡಿಲಿಯನ್ನು ಉದಾಹರಣೆಯಾಗಿ ತೋರಿಸಬಹುದು, ಆದರೆ ಅದು ಡೆಕ್ಕನೋಲೆಸ್ಟಿಸ್‌ನ ವಂಶಜ ಎಂದು ಹೇಳಬಾರದು. ಸೊಂಡಿಲಿ ಇಲಿಯೂ ಅಲ್ಲ. ಇಲಿಯ ಉಳಿಯಂಥ ಬಾಚಿಹಲ್ಲು ಅದಕ್ಕಿಲ್ಲ.

ಪಾಠದ ಹಂತಗಳು

ಕಲಿಕಾ ಫಲಗಳು ಎರಡು. ಮಗುವು ಪಳೆಯುಳಿಕೆಯನ್ನು ನೋಡಿ ಕಂಡದ್ದನ್ನೂ ತರ್ಕಿಸಿದ್ದನ್ನೂ ಬೇರ್ಪಡಿಸುತ್ತದೆ. ಪಳೆಯುಳಿಕೆ ಸಿಗದಿರುವುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಹೇಳುತ್ತದೆ.

ಸಾಮಗ್ರಿ: ಒಣ ಎರೆಮಣ್ಣು, ಸುಮಾರು 2 ಮಿ.ಮೀ. ಗಾತ್ರದ ಬಿಳಿ ಗಾಜಿನ ಮಣಿಗಳು, ಕಾಳು ಜರಡಿ, ಚಹಾ ಸೋಸುವ ಜಾಲರಿ, ಬಕೆಟ್ಟು, ಭೂತಗನ್ನಡಿ, ಜೇಡಿಮಣ್ಣಿನಲ್ಲಿ ದೊಡ್ಡದಾಗಿ ಮಾಡಿದ ಎರಡು ಬಗೆಯ ದವಡೆಹಲ್ಲಿನ ಮಾದರಿಗಳು.

ಮೊದಲ ಅವಧಿ. ಪ್ರತಿ ಗುಂಪಿಗೂ 20 ಮಣಿಗಳನ್ನು ಬೆರೆಸಿ ಹಿಂದಿನ ದಿನವೇ ಕಲಸಿ ಒಣಗಿಸಿದ ಮಣ್ಣಿನ ಹೆಂಟೆ ಕೊಡಬೇಕು. ಎಷ್ಟು ಮಣಿಗಳಿವೆ ಎಂದು ಹೇಳಬಾರದು. ಮಕ್ಕಳು ಹೆಂಟೆಯನ್ನು ನೀರಿನಲ್ಲಿ ನೆನೆಸಿ, ಕರಗಿಸಿ, ಸೋಸಿ, ಉಳಿದದ್ದನ್ನು ಭೂತಗನ್ನಡಿಯಲ್ಲಿ ಹೆಕ್ಕುತ್ತಾರೆ. ಕ್ಷೇತ್ರದಲ್ಲೂ ಕೆಲಸ ನಡೆಯುವುದು ಹೀಗೆಯೇ: ಪದರದ ಮಣ್ಣನ್ನು ಮೂಟೆಗಟ್ಟಲೆ ತಂದು, ನೆನೆಸಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದೇ ಚೂರನ್ನು ಹೆಕ್ಕುತ್ತಾರೆ. ಅರ್ಧದಷ್ಟು ಗುಂಪುಗಳಿಗೆ ಬೇಕೆಂದೇ ಕಾಳು ಜರಡಿ ಮಾತ್ರ ಕೊಡಬೇಕು. ನಮ್ಮ ತರಗತಿಯಲ್ಲಿ ಅಂಥ ಗುಂಪುಗಳು "ನಮ್ಮ ಮಣ್ಣಲ್ಲಿ ಏನೂ ಇಲ್ಲ" ಎಂದು ಬರೆದುಕೊಟ್ಟವು. ಪಕ್ಕದ ಗುಂಪಿನ ತಟ್ಟೆಯಲ್ಲಿ ಮಣಿಗಳನ್ನು ಕಂಡ ಮೇಲೆ ಒಬ್ಬ ಹುಡುಗ ತಾನಾಗಿಯೇ "ಇಲ್ಲ" ಎಂಬುದನ್ನು ಹೊಡೆದು "ಸಿಗಲಿಲ್ಲ" ಎಂದು ತಿದ್ದಿದ. ಈ ಪಾಠದ ಅರ್ಧ ಸಾರ ಆ ತಿದ್ದುಪಡಿಯಲ್ಲಿದೆ. ಭಾರತದಲ್ಲಿ ಕ್ರಿಟೇಷಿಯಸ್ ಸಸ್ತನಿಗಳು 1988ರವರೆಗೆ ವರದಿಯಾಗದಿದ್ದುದಕ್ಕೆ ಅವು ಇರಲಿಲ್ಲವೆಂಬುದು ಕಾರಣವಲ್ಲ.

ಎರಡನೆಯ ಅವಧಿ. ಹಲ್ಲಿನ ಮಾದರಿಗಳನ್ನು ಕೊಟ್ಟು, ಕಡಲೆಬೀಜ ಮತ್ತು ಒಣಹುಲ್ಲನ್ನು ಅವುಗಳ ನಡುವೆ ಇಟ್ಟು ಒತ್ತಿ ನೋಡಲು ಹೇಳಬೇಕು. ಬಳಿಕ ಕಪ್ಪುಹಲಗೆಯಲ್ಲಿ ಮೂರು ಅಂಕಣ: ಕಂಡದ್ದು, ತರ್ಕಿಸಿದ್ದು, ಇನ್ನೂ ಹೇಳಲಾಗದ್ದು. 'ಹಲ್ಲಿಗೆ ಚೂಪು ಮೊನೆಗಳಿವೆ' ಮೊದಲನೆಯದಕ್ಕೆ. 'ಕೀಟ ತಿನ್ನುತ್ತಿತ್ತು' ಎರಡನೆಯದಕ್ಕೆ. 'ಬೂದು ಬಣ್ಣದ್ದು' ಮೂರನೆಯದಕ್ಕೆ. 'ಮರ ಹತ್ತುತ್ತಿತ್ತು' ಎಂಬ ವಾಕ್ಯವನ್ನು ಮಕ್ಕಳು ಮೂರನೆಯ ಅಂಕಣಕ್ಕೆ ಹಾಕಿದರು. ಹಲ್ಲು ನೋಡಿ ಹಾಗೆ ಹೇಳಲಾಗದು ಎಂಬುದು ಅವರ ವಾದ, ಸರಿಯಾದ ವಾದ. ಆಗ ಪ್ರಶಿಕ್ಷಣಾರ್ಥಿ ಹೊಸ ಸಾಕ್ಷ್ಯವನ್ನು ಮುಂದಿಟ್ಟರು. ನಸ್ಕಲ್‌ನಲ್ಲಿ ಪುಟ್ಟ ಹಿಮ್ಮಡಿ-ಕಣಕಾಲಿನ ಮೂಳೆಗಳೂ ದೊರೆತಿದ್ದವು. 1994ರಲ್ಲಿ ಪ್ರಕಟವಾದ ಅವುಗಳ ಅಧ್ಯಯನದಲ್ಲಿ, ಪಾದವನ್ನು ಸಲೀಸಾಗಿ ಹೊರಳಿಸಬಲ್ಲ ಕೀಲು ಕಂಡಿತು. ಮರ ಹತ್ತಿ ಇಳಿಯುವ ಪ್ರಾಣಿಗಳಲ್ಲಿ ಇರುವಂಥ ಕೀಲು ಅದು. ವಾಕ್ಯ ಎರಡನೆಯ ಅಂಕಣಕ್ಕೆ ಸರಿಯಿತು.

ಒಂದು ಪ್ರಶ್ನೆ, ಒಂದು ಭಿನ್ನಾಭಿಪ್ರಾಯ

ಆಗ ಒಬ್ಬ ಹುಡುಗಿ ಕೇಳಿದಳು: "ಹಲ್ಲು ಬೇರೆ ಸಿಕ್ತು, ಕಾಲಿನ ಮೂಳೆ ಬೇರೆ ಸಿಕ್ತು. ಎರಡೂ ಒಂದೇ ಪ್ರಾಣೀದು ಅಂತ ಹೇಗೆ ಹೇಳ್ತೀರಿ ಮೇಡಂ?"

ಇದು ಸಂಶೋಧಕರ ಪ್ರಶ್ನೆಯೂ ಹೌದು. ಮೂಳೆಯ ಗಾತ್ರ ಹಲ್ಲಿನ ಗಾತ್ರಕ್ಕೆ ಹೊಂದುತ್ತದೆ. ಅದೇ ಜಾಗದಲ್ಲಿ ಆ ಗಾತ್ರದ ಸಸ್ತನಿ ಹಲ್ಲುಗಳಲ್ಲಿ ಹೆಚ್ಚಾಗಿ ಸಿಗುವುದು ಡೆಕ್ಕನೋಲೆಸ್ಟಿಸ್‌ನವೇ. ಆದ್ದರಿಂದ ಎರಡನ್ನೂ ಜೋಡಿಸಲಾಗಿದೆ. ಬಲವಾದ ತರ್ಕ, ಆದರೆ ತರ್ಕವೇ. ದವಡೆ ಮತ್ತು ಕಾಲು ಕೂಡಿಕೊಂಡ ಅಸ್ಥಿಪಂಜರವೊಂದು ಕೈಯಲ್ಲಿದ್ದಂತಲ್ಲ. ಪ್ರಶಿಕ್ಷಣಾರ್ಥಿ ಅಷ್ಟನ್ನೇ ಹೇಳಿ, ಪ್ರಶ್ನೆಯನ್ನು ಹಲಗೆಯ ಮೇಲೆ ಉಳಿಸಿದರು. ಜೊತೆಗೆ ಈ ಪ್ರಾಣಿಯ ಸಂಬಂಧಿಕರ ಕುರಿತ ಅಭಿಪ್ರಾಯ ಬದಲಾದ ಬಗೆಯನ್ನು ತಿಳಿಸಿದರು: ಕಾಲಿನ ಮೂಳೆಗಳನ್ನು ನೋಡಿದ ಮೇಲೆ ಪ್ರೈಮೇಟ್ ಮತ್ತು ಮರಮೂಗಿಲಿಗಳ ಗುಂಪಿನ ಹತ್ತಿರ ಎಂದು ಕೆಲವರು ಯೋಚಿಸಿದರು. 2010ರಲ್ಲಿ ಆಫ್ರಿಕಾ-ಯುರೋಪಿನ ಅಡಾಪಿಸೊರಿಕ್ಯುಲಿಡ್ ಎಂಬ ಅಳಿದ ಕುಟುಂಬದೊಂದಿಗೆ ನಂಟು ಗುರುತಿಸಲಾಯಿತು. 2011ರ ವಿಶ್ಲೇಷಣೆ ಆ ಇಡೀ ಗುಂಪನ್ನು ಇಂದಿನ ಜರಾಯು ಸಸ್ತನಿಗಳ ವಂಶವೃಕ್ಷದ ಆಚೆ, ಬುಡದ ಕಡೆಗೆ ಇಟ್ಟಿತು.

ಪಾಠವನ್ನು ವೀಕ್ಷಿಸಿದ ಇನ್ನೊಬ್ಬ ಮಾರ್ಗದರ್ಶಕರು 'ಪರಿಕಲ್ಪನೆಯ ಸ್ಪಷ್ಟತೆ' ಎಂಬ ಅಂಶಕ್ಕೆ ಕಡಿಮೆ ಅಂಕ ಕೊಟ್ಟರು. "ಮಕ್ಕಳಿಗೆ ಖಚಿತ ಉತ್ತರ ಬೇಕು, ಇಲ್ಲದಿದ್ದರೆ ಗೊಂದಲವಾಗುತ್ತದೆ" ಎಂಬುದು ಅವರ ನಿಲುವು. ಕಾಳಜಿ ಪ್ರಾಮಾಣಿಕವಾದದ್ದು; ಪರೀಕ್ಷೆ ಬರೆಯುವ ಮಕ್ಕಳಿಗೆ ಖಚಿತತೆ ಬೇಕೇ ಬೇಕು. ಆದರೆ ಈ ತರಗತಿಯಲ್ಲಿ ಗೊಂದಲವಿರಲಿಲ್ಲ. ಯಾವುದು ಖಚಿತ, ಯಾವುದು ಎಷ್ಟರಮಟ್ಟಿಗೆ ಸಂಭಾವ್ಯ, ಯಾವುದು ತಿಳಿಯದು ಎಂಬುದು ಹಲಗೆಯ ಮೇಲೆ ಅಂಕಣ ಅಂಕಣವಾಗಿ ಬರೆದಿತ್ತು. ಆ ಹುಡುಗಿಗೆ "ವಿಜ್ಞಾನಿಗಳು ಹೇಳಿದ್ದಾರೆ" ಎಂದು ಉತ್ತರಿಸಿದ್ದರೆ ಪಾಠ ಅಚ್ಚುಕಟ್ಟಾಗಿ ಮುಗಿಯುತ್ತಿತ್ತು, ಅವಳು ಮುಂದೆ ಕೇಳುವುದನ್ನು ಬಿಡುತ್ತಿದ್ದಳು.

ಮೌಲ್ಯಮಾಪನ

ನಾವು ಬಳಸಿದ ಪ್ರಶ್ನೆಗಳು ಇವು:

1. ಒಂದು ಪದರದಲ್ಲಿ ಸಸ್ತನಿಯ ಪಳೆಯುಳಿಕೆ ಸಿಕ್ಕಿಲ್ಲ. 'ಅಲ್ಲಿ ಸಸ್ತನಿಗಳಿರಲಿಲ್ಲ' ಎನ್ನುವ ಮೊದಲು ಯಾವ ಎರಡು ಸಂಗತಿಗಳನ್ನು ವಿಚಾರಿಸುವಿರಿ?
2. ಕೊಟ್ಟ ಎರಡು ಹಲ್ಲಿನ ಚಿತ್ರಗಳಲ್ಲಿ ಕೀಟಾಹಾರಿಯದು ಯಾವುದು? ನಿಮ್ಮ ಉತ್ತರಕ್ಕೆ ಹಲ್ಲಿನಲ್ಲೇ ಕಾಣುವ ಎರಡು ಆಧಾರ ಕೊಡಿ.
3. 'ಡೆಕ್ಕನೋಲೆಸ್ಟಿಸ್ ಮರ ಹತ್ತುತ್ತಿತ್ತು.' ಈ ಹೇಳಿಕೆಯನ್ನು ಯಾವ ಹೊಸ ಪಳೆಯುಳಿಕೆ ಇನ್ನಷ್ಟು ಬಲಪಡಿಸಬಹುದು?

ಮೂರನೆಯ ಪ್ರಶ್ನೆಗೆ "ಹಲ್ಲೂ ಕಾಲೂ ಒಟ್ಟಿಗೇ ಇರುವ ಪ್ರಾಣಿ ಸಿಗಬೇಕು" ಎಂದು ಬರೆದವರಲ್ಲಿ ಇತರ ವಿಷಯಗಳಲ್ಲಿ ಹಿಂದುಳಿದವರೆಂದು ಪಟ್ಟಿಯಾದ ಮಕ್ಕಳೂ ಇದ್ದರು.

ಸಹೋದ್ಯೋಗಿಗಳಿಗೆ ಸಲಹೆ

ಪಾಠವನ್ನು ಬಳಸುವವರು ಮೊದಲ ಅವಧಿಯ ತೊಳೆಯುವ ಕೆಲಸಕ್ಕೆ ಶಾಲೆಯ ಅಂಗಳ ಮತ್ತು ನೀರಿನ ವ್ಯವಸ್ಥೆಯನ್ನು ಮೊದಲೇ ನೋಡಿಕೊಳ್ಳಲಿ. ಎರೆಮಣ್ಣು ಸಿಗದ ಕಡೆ ಯಾವ ಜಿಗುಟು ಮಣ್ಣಾದರೂ ಆದೀತು. ವೀಕ್ಷಣಾ ನಮೂನೆಯಲ್ಲಿ 'ಪರಿಕಲ್ಪನೆಯ ಸ್ಪಷ್ಟತೆ'ಯ ಕೆಳಗೆ ಇನ್ನೊಂದು ಸಾಲು ಸೇರಿಸಬೇಕೆಂಬುದು ನನ್ನ ಮನವಿ: 'ಹೇಳಿಕೆಗೆ ಆಧಾರ ಎಷ್ಟಿದೆಯೆಂದು ಪ್ರಶಿಕ್ಷಣಾರ್ಥಿಯು ಮಕ್ಕಳಿಗೆ ತೋರಿಸಿದರೇ?' ನಮ್ಮ ಕಾಲೇಜಿನಲ್ಲಿ ಮುಂದಿನ ಬೋಧನಾಭ್ಯಾಸದಿಂದ ಈ ಸಾಲನ್ನು ಪ್ರಾಯೋಗಿಕವಾಗಿ ಬಳಸಲಿದ್ದೇವೆ. ಭಿನ್ನಾಭಿಪ್ರಾಯ ಸೂಚಿಸಿದ ಮಾರ್ಗದರ್ಶಕರೂ ಅದಕ್ಕೆ ಒಪ್ಪಿದ್ದಾರೆ.